ಕೋರ್ಟ್ ಮಾರ್ಷಲ್‌ನಲ್ಲಿ ಕೂರುತ್ತಾರೆ, ಆದರೆ ವೋಟಿಲ್ಲ! ಸೇನೆಯ ಹಿರಿಯ ವಕೀಲರ ಕೆಲಸ ಏನು?

[ಪರದೆ: ಉದ್ದನೆಯ ಮೇಜು, ಐದು ಕುರ್ಚಿ. ಪಕ್ಕದಲ್ಲಿ ಆರನೆಯದು.]

ನಮಸ್ಕಾರ. ಇದು ಜನರಲ್ ಕೋರ್ಟ್ ಮಾರ್ಷಲ್, ಅಂದರೆ ಸೇನೆಯವರ ಅಪರಾಧಗಳನ್ನು ವಿಚಾರಣೆ ಮಾಡುವ ಸೇನೆಯದೇ ಕೋರ್ಟ್. ಕನಿಷ್ಠ ಐದು ಜನ ಅಧಿಕಾರಿಗಳು ಇರಲೇಬೇಕು ಅಂತ 1950ರ ಆರ್ಮಿ ಆಕ್ಟ್ ಹೇಳುತ್ತದೆ. ಮರಣದಂಡನೆ ಕೊಡುವ ಅಧಿಕಾರವೂ ಇವರಿಗಿದೆ. ಆದರೆ ಇವರು ಕಾನೂನು ಓದಿರಬೇಕು ಅಂತೇನೂ ಇಲ್ಲ!

ಕಾನೂನು ಹೇಳೋಕೆ ಅಂತಲೇ ಇರುವವರು ಆರನೇ ಕುರ್ಚಿಯಲ್ಲಿದ್ದಾರೆ. ಅವರೇ ಜಡ್ಜ್ ಅಡ್ವೊಕೇಟ್. ಬಾಗಿಲು ಹಾಕಿಕೊಂಡು ತೀರ್ಪಿನ ಬಗ್ಗೆ ಚರ್ಚೆ ಮಾಡುವಾಗಲೂ ಅವರು ಒಳಗೇ ಇರುತ್ತಾರೆ. ಆದರೆ ವೋಟಿಲ್ಲ.

ಚರ್ಚೆಯಲ್ಲಿ ಮೊದಲು ಅಭಿಪ್ರಾಯ ಹೇಳಬೇಕಾದವರು ಎಲ್ಲರಿಗಿಂತ ಕಿರಿಯ ಅಧಿಕಾರಿ. ಯಾಕೆ ಗೊತ್ತಾ? ಕರ್ನಲ್ ಸಾಹೇಬರು "ತಪ್ಪಿತಸ್ಥ" ಅಂದ ಮೇಲೆ ಕ್ಯಾಪ್ಟನ್ ಬಾಯಲ್ಲಿ "ಇಲ್ಲ ಸರ್" ಬರೋದು ಕಷ್ಟ ಅಲ್ವಾ? ವೋಟು ಸಮ ಬಂದರೆ ಆರೋಪಿಯ ಕಡೆಗೇ ತೀರ್ಪು. ಮರಣದಂಡನೆಗೆ ಮೂರರಲ್ಲಿ ಎರಡು ಭಾಗ ವೋಟು ಬೇಕು.

ಜಡ್ಜ್ ಅಡ್ವೊಕೇಟ್ ಸರ್ಕಾರದ ಪರವೂ ಅಲ್ಲ, ಆರೋಪಿಯ ಪರವೂ ಅಲ್ಲ. ಆದರೂ ಸಾಕ್ಷಿಗಳನ್ನು ಸರಿಯಾಗಿ ಪ್ರಶ್ನಿಸೋಕೆ ಬರಲ್ಲ ಅನ್ನುವ ಕಾರಣಕ್ಕೆ ಆರೋಪಿಗೆ ಅನ್ಯಾಯ ಆಗದಂತೆ ನೋಡಿಕೊಳ್ಳುವುದು ಅವರ ಜವಾಬ್ದಾರಿ. ಸಿನಿಮಾದಲ್ಲಿ ಮೇಜು ಕುಟ್ಟಿ ಕೂಗಾಡುವ ವಕೀಲರನ್ನು ಸ್ವಲ್ಪ ಮರೆತುಬಿಡಿ.

[ಪರದೆ: ಭುಜದ ಮೇಲಿನ ನಕ್ಷತ್ರಗಳು, ಒಂದೊಂದಾಗಿ]

ಈ ಕೆಲಸಕ್ಕೆ ಸೇರೋದು ಹೇಗೆ? ಎಲ್‌ಎಲ್‌ಬಿಯಲ್ಲಿ 55% ಅಂಕ, ಸೇನೆಯ ಆಯ್ಕೆ ಮಂಡಳಿ ಎಸ್‌ಎಸ್‌ಬಿಯ ಇಂಟರ್‌ವ್ಯೂ, ಆಮೇಲೆ ಸೇನಾ ತರಬೇತಿ. ವಕೀಲರು ಅಂತ ಓಟದಲ್ಲಿ ರಿಯಾಯಿತಿ ಸಿಗಲ್ಲ. ಲೆಫ್ಟಿನೆಂಟ್ ಆದ ಮೇಲೆ ಸೇನಾ ಕಾನೂನಿನ ಪಾಠ ನಾಗಪುರದ ಹತ್ತಿರದ ಕಾಂಪ್ಟಿಯಲ್ಲಿ.

ಇನ್ನು ಸೀನಿಯಾರಿಟಿ ವಿಷಯಕ್ಕೆ ಬರೋಣ. ಕಾನೂನು ಗೊತ್ತಿದ್ದರೆ ಸಾಕು, ರ‍್ಯಾಂಕ್ ಯಾಕೆ ಅನಿಸಬಹುದು. 2000ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿತು. ಜಡ್ಜ್ ಅಡ್ವೊಕೇಟ್ ಆರೋಪಿಗಿಂತ ಕೆಳಗಿನ ರ‍್ಯಾಂಕಿನವರಾಗಿರಬಾರದು. ಆ ರ‍್ಯಾಂಕಿನವರು ಸಿಗದೇ ಇದ್ದಾಗ ಮಾತ್ರ ವಿನಾಯಿತಿ. ಅಂದರೆ ಬ್ರಿಗೇಡಿಯರ್ ವಿಚಾರಣೆಗೆ ಸುಮ್ನೆ ಒಬ್ಬ ಮೇಜರನ್ನು ಕಳಿಸೋ ಹಾಗಿಲ್ಲ.

ಈ ವಕೀಲರು ಹುದ್ದೆಯಲ್ಲಿ ಮೇಲೆ ಹೋದಂತೆ ಕೋರ್ಟ್ ಕೋಣೆಯ ಕೆಲಸ ಕಡಿಮೆ, ಫೈಲು ಜಾಸ್ತಿ. ನನ್ನ ಪ್ರಕಾರ ಕಷ್ಟದ ಕೆಲಸ ಇದೇ. ಒಂದು ಉದಾಹರಣೆ ನೋಡಿ. ಒಬ್ಬ ಅಧಿಕಾರಿ ದುಡ್ಡು ಹೊಡೆದ ಆರೋಪ. ವಿಷಯ ಗೊತ್ತಾಗಿ ಮೂರು ವರ್ಷ ದಾಟಿದೆ. ಜನರಲ್ ಸಾಹೇಬರಿಗೆ ಕೇಸ್ ನಡೆಸಲೇಬೇಕು ಅಂತಿದೆ. ಆರ್ಮಿ ಆಕ್ಟ್‌ನ 122ನೇ ಸೆಕ್ಷನ್ ಪ್ರಕಾರ ಹೆಚ್ಚಿನ ಅಪರಾಧಗಳಿಗೆ ಮೂರು ವರ್ಷದ ಗಡುವು ಇದೆ. ಸೇನೆ ಬಿಟ್ಟು ಓಡಿಹೋದ ಕೇಸಿಗೆ, ದಂಗೆಗೆ ಈ ಗಡುವಿಲ್ಲ. ಆರೋಪಿ ತಲೆಮರೆಸಿಕೊಂಡಿದ್ದ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಲ್ಲ. ಈ ಕೇಸಿನಲ್ಲಿ ಅಂಥದ್ದೇನೂ ಇಲ್ಲ. "ಸರ್, ಇದು ನಡೆಯಲ್ಲ" ಅಂತ ಫೈಲಿನ ಮೇಲೆ ಬರೆಯಬೇಕಾದವರು ಸೇನೆಯ ಆ ಹಿರಿಯ ವಕೀಲರೇ. ಅವರೂ ಅದೇ ಯೂನಿಫಾರ್ಮ್ ಹಾಕಿದವರು.

ಹಾಗೆ ಬರೆಯದಿದ್ದರೆ ಕೇಸು ಕೋರ್ಟ್ ಮಾರ್ಷಲ್ ಮೇಲಿನ ಮೇಲ್ಮನವಿ ಕೇಳುವ ಆರ್ಮ್ಡ್ ಫೋರ್ಸಸ್ ಟ್ರಿಬ್ಯೂನಲ್‌ನಲ್ಲಿ ಬಿದ್ದುಹೋಗುತ್ತದೆ. ಕೋರ್ಟ್ ಮಾರ್ಷಲ್ ತೀರ್ಪಿನ ಮೇಲೆ ಒಂದು ಮೇಲ್ಮನವಿಗೂ ದಾರಿ ಇಲ್ಲವಲ್ಲ ಅಂತ ಸುಪ್ರೀಂ ಕೋರ್ಟ್ 1982ರಲ್ಲೇ ಬೇಸರ ಪಟ್ಟಿತ್ತು. ಟ್ರಿಬ್ಯೂನಲ್ ಕಾಯ್ದೆ ಬಂದಿದ್ದು 2007ರಲ್ಲಿ, ಕೆಲಸ ಶುರುವಾಗಿದ್ದು 2009ರಲ್ಲಿ.

[ಪರದೆ: ಮೇಜರ್ ಜನರಲ್ ರ‍್ಯಾಂಕಿನ ಚಿಹ್ನೆ]

ಈ ವಿಭಾಗದ ತುದಿಯಲ್ಲಿರುವವರು ಜಡ್ಜ್ ಅಡ್ವೊಕೇಟ್ ಜನರಲ್, ಮೇಜರ್ ಜನರಲ್ ರ‍್ಯಾಂಕ್. ಅಲ್ಲಿಗೆ ಹೋಗಬೇಕಾದರೆ ಪರ್ಮನೆಂಟ್ ಕಮಿಷನ್, ಅಂದರೆ ನಿವೃತ್ತಿಯವರೆಗಿನ ಅಧಿಕಾರಿ ಹುದ್ದೆ ಬೇಕು. ಮಹಿಳೆಯರಿಗೆ ಅದನ್ನು 2008ರಲ್ಲಿ ಮೊದಲು ತೆರೆದ ಎರಡು ವಿಭಾಗಗಳಲ್ಲಿ ಇದೂ ಒಂದು. ಆದರೂ ಸೇರುವಾಗ ಗಂಡಸರಿಗೆ ಆರು ಸೀಟು, ಹೆಂಗಸರಿಗೆ ಮೂರು ಅನ್ನುವ ಲೆಕ್ಕ ಇತ್ತು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿ, ಎಲ್ಲರಿಗೂ ಒಂದೇ ಮೆರಿಟ್ ಲಿಸ್ಟ್ ಮಾಡಿ ಅಂತ ಆದೇಶ ಕೊಟ್ಟಿತು.