ದೇವರ ಮುಂದೆ ಅಳುವುದಕ್ಕೆ ಅಂಜಿಕೆ ಯಾಕೆ?

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿ ಸಾವಾಗಿದೆ. ಇಲ್ಲವೇ ನಂಬಿದ ತಮ್ಮನೇ ಆಸ್ತಿಯ ವಿಷಯದಲ್ಲಿ ಮೋಸ ಮಾಡಿದ್ದಾನೆ. ಚರ್ಚಿನ ಸಭೆಯವರು ಬರುತ್ತಾರೆ, ಹೆಗಲ ಮೇಲೆ ಕೈಯಿಟ್ಟು "ಅಳಬೇಡಮ್ಮಾ, ಎಲ್ಲಾ ದೇವರ ಚಿತ್ತ" ಎನ್ನುತ್ತಾರೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಕೇಳಿಸಿಕೊಂಡವಳಿಗೆ ಬಾಯಿಗೆ ಬೀಗ ಬಿದ್ದ ಹಾಗಾಗುತ್ತದೆ. ಅತ್ತರೆ ವಿಶ್ವಾಸ ಕಮ್ಮಿ ಎಂದುಕೊಂಡಾರು ಎಂದು ನೋವು ನುಂಗಿಕೊಳ್ಳುತ್ತಾಳೆ. ಬರುಬರುತ್ತಾ ಪ್ರಾರ್ಥನೆಯೇ ನಿಂತುಹೋಗುತ್ತದೆ. ಮನಸ್ಸಿನಲ್ಲಿರುವುದನ್ನೇ ಹೇಳಬಾರದೆಂದ ಮೇಲೆ ದೇವರ ಹತ್ತಿರ ಮಾತಾಡುವುದಾದರೂ ಏನು?

ಸತ್ಯವೇದ, ಅಂದರೆ ಬೈಬಲ್, ಯಾರ ಬಾಯನ್ನೂ ಹಾಗೆ ಮುಚ್ಚಿಸುವುದಿಲ್ಲ. ಅದರಲ್ಲಿರುವ 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಮೊರೆಯ ಹಾಡುಗಳೇ. ಯೇಸುಸ್ವಾಮಿ ಶಿಲುಬೆಯ ಮೇಲೆ "ನನ್ನ ದೇವರೇ, ಯಾಕೆ ಕೈಬಿಟ್ಟೆ" ಎಂದು ಕೂಗಿದ್ದು 22ನೇ ಕೀರ್ತನೆಯ ಮೊದಲ ಮಾತು.

ನೋವಿನಲ್ಲಿರುವವರು 13ನೇ ಕೀರ್ತನೆಯಿಂದ ಶುರುಮಾಡಿ. ಆರೇ ಆರು ವಚನ. ಮೊದಲೆರಡು ವಚನ ದೂರು. "ಎಷ್ಟರವರೆಗೆ" ಎಂಬ ಪ್ರಶ್ನೆ ಅಲ್ಲಿ ನಾಲ್ಕು ಸಲ ಬರುತ್ತದೆ. ಒಂದೊಂದು ಸಲ ಬಂದಾಗಲೂ ನಿಲ್ಲಿಸಿ, ನಿಮ್ಮ ಮಾತು ಸೇರಿಸಿ. ಎಷ್ಟರವರೆಗೆ ಈ ಸಾಲ? ಎಷ್ಟರವರೆಗೆ ನಿದ್ದೆಯಿಲ್ಲದ ಈ ರಾತ್ರಿ? ಬಾಯಿಬಿಟ್ಟು ಹೇಳಿ, ಇಲ್ಲವೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೂರು, ನಾಲ್ಕನೇ ವಚನ ಬೇಡಿಕೆ. ಇಲ್ಲಿ "ಎಲ್ಲಾ ಒಳ್ಳೆಯದಾಗಲಿ" ಎಂದು ತೇಲಿಸಬೇಡಿ. ನಾಳೆಯ ದಿನಕ್ಕೆ ಬೇಕಾದ ಒಂದನ್ನು ಹೆಸರು ಹಿಡಿದು ಕೇಳಿ. ಭರವಸೆಯ ಮಾತು ಬರುವುದು ಆಮೇಲೆ, ಐದು, ಆರನೇ ವಚನದಲ್ಲಿ.

ನಾವು ಎಡವುವುದು ಇಲ್ಲೇ. ದೂರನ್ನು ಹಾರಿಸಿ ನೇರ ಐದನೇ ವಚನಕ್ಕೆ ಓಡುತ್ತೇವೆ. ಒಳಗೆ ಕೀವು ಇರುವಾಗಲೇ ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ ಅದು. ಭರವಸೆಯ ಮಾತು ಬಾಯಿಗೆ ಬರದಿದ್ದರೆ ಎರಡನೇ ವಚನದಲ್ಲೇ ಇನ್ನೊಂದು ವಾರ ಇರಿ, ತಪ್ಪೇನಿಲ್ಲ. 88ನೇ ಕೀರ್ತನೆಯಂತೂ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಅದೂ ಸತ್ಯವೇದದಲ್ಲೇ ಇದೆ, ಅದೂ ಪ್ರಾರ್ಥನೆಯೇ.

ನಂಬಿದವರೇ ನೋಯಿಸಿದ್ದರೆ 55ನೇ ಕೀರ್ತನೆ ಓದಿ. ಬೈದವನು ವೈರಿಯಾಗಿದ್ದರೆ ತಾಳಿಕೊಳ್ಳುತ್ತಿದ್ದೆ, ಆದರೆ ನೀನು ನನ್ನ ಆಪ್ತಮಿತ್ರ ಎಂಬ ಸಂಕಟ ಅದರಲ್ಲಿದೆ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ಕ್ಷಮಿಸುವುದೆಂದರೆ ಹೊಡೆಯುವ ಗಂಡನ ಮನೆಯಲ್ಲೇ ಇದ್ದು ಪೆಟ್ಟು ತಿನ್ನುವುದು ಎಂದು ಯಾರಾದರೂ ನಿಮಗೆ ಹೇಳಿದ್ದರೆ, ಅದು ತಪ್ಪು ಬೋಧನೆ.

ಮೈಗೂ ಮನಸ್ಸಿಗೂ ನಂಟಿದೆ. ಸತ್ಯವೇದದ ಒಂದನೇ ಅರಸುಗಳು ಪುಸ್ತಕದ 19ನೇ ಅಧ್ಯಾಯದಲ್ಲಿ ಪ್ರವಾದಿ ಎಲೀಯ ಸಾವನ್ನೇ ಬೇಡಿಕೊಂಡು ಗಿಡದ ಕೆಳಗೆ ಮಲಗುತ್ತಾನೆ. ದೇವದೂತ ಬಂದು ಉಪದೇಶ ಮಾಡಲಿಲ್ಲ. ತಟ್ಟಿ ಎಬ್ಬಿಸಿ "ಊಟಮಾಡು" ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಇತ್ತು. ತಿಂದು ಮತ್ತೆ ಮಲಗಿದ. ದೂತ ಎರಡನೇ ಸಲವೂ ಎಬ್ಬಿಸಿ ಉಣ್ಣಿಸಿದ. ದೇವರು ಅವನೊಂದಿಗೆ ಮಾತಾಡಿದ್ದು ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ. ನೀವೂ ಊಟ ಬಿಡಬೇಡಿ. ಊಟ ನಿದ್ದೆ ಎರಡೂ ಕೆಟ್ಟು ಎರಡು ವಾರ ಆದರೆ ವೈದ್ಯರಿಗೆ ತೋರಿಸಿ. ಬದುಕೇ ಬೇಡ ಎನಿಸಿದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಮಾತ್ರೆ ತೆಗೆದುಕೊಂಡರೆ ವಿಶ್ವಾಸಕ್ಕೆ ಕುಂದಲ್ಲ.

ಇನ್ನು ನೋಡಲು ಹೋಗುವವರಿಗೆ. ಸತ್ಯವೇದದಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ, ಏಳು ರಾತ್ರಿ ಅವನ ಪಕ್ಕ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅಷ್ಟರವರೆಗೆ ಎಲ್ಲಾ ಸರಿಯಾಗಿತ್ತು. ನಿನಗೆ ಯಾಕೆ ಹೀಗಾಯಿತು ಗೊತ್ತಾ ಎಂದು ವಿವರಿಸಲು ಹೊರಟಾಗ ಕೆಟ್ಟಿತು. ಹಾಗಾಗಿ ಹೋಗುವಾಗ ಅನ್ನ ಸಾರು ಮಾಡಿಕೊಂಡು ಹೋಗಿ. ಪ್ರಾರ್ಥನೆ ಮಾಡಲೇ ಎಂದು ಕೇಳಿ, ಹೂಂ ಅಂದರೆ ಮಾತ್ರ ಮಾಡಿ, ಚಿಕ್ಕದಾಗಿ. ತೀರಿಹೋದವರ ಹೆಸರು ಹಿಡಿದು ಮಾತಾಡಿ. ನಲವತ್ತು ದಿನ ಕಳೆದು, ಬರುವವರೆಲ್ಲ ಬಂದು ಹೋಗಿ, ಮನೆಯಲ್ಲಿ ಅವಳೊಬ್ಬಳೇ ಉಳಿದಾಗ ಇನ್ನೊಂದು ಸಲ ಹೋಗಿ ಬನ್ನಿ.