ಧೂಳು ಕೂರದ ಬಂಡೆ

ಕೇಳುಗರೆಲ್ಲರಿಗೂ ನಮಸ್ಕಾರ.

ಕಪಾಟಿನ ಮೇಲೆ ಒಂದು ತಿಂಗಳು ಯಾರೂ ಕೈಯಾಡಿಸದಿದ್ದರೆ ಧೂಳು ಕೂರುತ್ತದೆ, ಅಲ್ವಾ? ಸಮುದ್ರದ ತಳದಲ್ಲೂ ಹಾಗೇ. ಮೇಲೆ ಸತ್ತ ಸಣ್ಣ ಸಣ್ಣ ಜೀವಿಗಳ ಚಿಪ್ಪು, ಗಾಳಿ ಹೊತ್ತು ತಂದ ಮಣ್ಣಿನ ಪುಡಿ, ಎಲ್ಲವೂ ಹಗಲೂ ರಾತ್ರಿ ಕೆಳಗಿಳಿಯುತ್ತಲೇ ಇರುತ್ತವೆ. ದಡದಿಂದ ಬಹಳ ದೂರದ ಆಳದಲ್ಲಿ ಹೀಗೆ ಸೇರುವ ಕೆಸರು 1000 ವರ್ಷಕ್ಕೆ ಕೆಲವೇ ಮಿಲಿಮೀಟರ್. ತೀರಾ ನಿಧಾನ ಅನ್ನಿಸಬಹುದು. ಆದರೆ ಇವತ್ತು ನಾನು ಹೇಳಲು ಹೊರಟಿರುವ ವಸ್ತುವಿನ ಪಕ್ಕದಲ್ಲಿಟ್ಟರೆ ಇದು ಕುದುರೆ ಓಟ.

ಸಮುದ್ರದೊಳಗೆ ಬೆಟ್ಟಸಾಲುಗಳಿವೆ. ಆ ಸಾಲುಗಳ ಬಂಡೆಗಳ ಮೇಲೆ ಮಸಿ ಬಳಿದ ಹಾಗೆ ಒಂದು ಕಪ್ಪು ಪದರ ಇರುತ್ತದೆ. ಮುಖ್ಯವಾಗಿ ಮ್ಯಾಂಗನೀಸ್ ಮತ್ತು ಕಬ್ಬಿಣದ ಆಕ್ಸೈಡ್. ಮೇಲ್ಮೈ ನುಣುಪಾಗಿರುವುದಿಲ್ಲ, ಪುಟ್ಟ ದ್ರಾಕ್ಷಿ ಗೊಂಚಲಿನ ಹಾಗೆ ಗಂಟುಗಂಟಾಗಿರುತ್ತದೆ. ಇದು ಬೆಳೆಯುವ ವೇಗ 10 ಲಕ್ಷ ವರ್ಷಕ್ಕೆ ಸುಮಾರು 1ರಿಂದ 5 ಮಿಲಿಮೀಟರ್. ನಮ್ಮ ಕೈಬೆರಳಿನ ಉಗುರು ಒಂದು ದಿನದಲ್ಲಿ ಬೆಳೆಯುವಷ್ಟು ಬೆಳೆಯಲು ಈ ಪದರಕ್ಕೆ ಕಡಿಮೆ ಎಂದರೂ 20,000 ವರ್ಷ ಬೇಕು.

ಒಗಟು ಇರುವುದು ಇಲ್ಲೇ. ಕೆಸರು ಸೇರುವ ವೇಗ ಇದಕ್ಕಿಂತ ಸುಮಾರು ಸಾವಿರ ಪಟ್ಟು ಜಾಸ್ತಿ. ಅಂದರೆ ಮ್ಯಾಂಗನೀಸ್ ಒಂದು ಕೂದಲೆಳೆಯಷ್ಟು ಕೂರುವ ಮೊದಲೇ ಬಂಡೆ ಕೆಸರಿನಡಿ ಹೂತುಹೋಗಬೇಕು. ಹೋಗಿಲ್ಲ. ಕೆಲವು ಕಡೆ ಪದರ 25 ಸೆಂಟಿಮೀಟರ್ ದಪ್ಪಕ್ಕೂ ಬೆಳೆದಿದೆ. ಹಾಗಾದರೆ ಆ ಬಂಡೆಯನ್ನು ಕೋಟ್ಯಂತರ ವರ್ಷ ಗುಡಿಸುತ್ತಾ ಇದ್ದವರು ಯಾರು?

ನೀರೇ. ಆಳದಲ್ಲಿ ಹರಿಯುವ ನೀರಿಗೆ ಬೆಟ್ಟಸಾಲು ಅಡ್ಡ ಬಂದಾಗ ನೀರು ಅದನ್ನು ಬಳಸಿ, ಏರಿ ಹೋಗಬೇಕು. ಆಗ ಅದರ ಸೆಳೆತ ಹೆಚ್ಚುತ್ತದೆ. ಬೀಳುವ ಪುಡಿಯನ್ನು ಕೂರಲು ಬಿಡದೆ ತಳ್ಳಿಕೊಂಡು ಹೋಗುತ್ತದೆ. ಇಳಿಜಾರಿನಲ್ಲಿ ಉಳಿದದ್ದು ತಾನಾಗಿಯೇ ಜಾರುತ್ತದೆ. ಹಾಗಾಗಿ ಇಂಥ ಕಪ್ಪು ಪದರ ಸಿಕ್ಕಿದ ಕಡೆ ಅಲ್ಲಿನ ಪ್ರವಾಹದ ಕಥೆಯೂ ಜೊತೆಗೇ ಸಿಕ್ಕಿದ ಹಾಗೆ.

ಸಮುದ್ರದ ಬೆಟ್ಟ ಅಂದ ತಕ್ಷಣ ನಮಗೆ ನೆನಪಾಗುವುದು ಲಾವಾ. ಬುಡದಲ್ಲಿ ಅದು ನಿಜವೇ. ಆದರೆ ಎಷ್ಟೋ ಸಾಲುಗಳ ತುದಿಯಲ್ಲಿರುವುದು ಸುಣ್ಣಕಲ್ಲು, ಗಟ್ಟಿಯಾದ ಕೆಸರುಕಲ್ಲು, ಫಾಸ್ಫೇಟ್ ತುಂಬಿದ ಕಲ್ಲು. ಇವೆಲ್ಲ ಒಂದು ಕಾಲದಲ್ಲಿ ಪದರಪದರವಾಗಿ ಕೂತು ಕಲ್ಲಾದವು. 1950ರಲ್ಲಿ ಅಮೆರಿಕದ ವಿಜ್ಞಾನಿಗಳು ಪೆಸಿಫಿಕ್ ಸಾಗರದ ನಡುವಿನ ಮಿಡ್-ಪೆಸಿಫಿಕ್ ಪರ್ವತಸಾಲಿಗೆ ಹೋಗಿ ತಳವನ್ನು ಕೆರೆದು ಕಲ್ಲುಗಳನ್ನು ಮೇಲೆತ್ತಿದರು. ಮ್ಯಾಂಗನೀಸ್ ಹತ್ತಿದ ಕಲ್ಲುಗಳ ಜೊತೆಗೆ ಬಂದದ್ದು ಹವಳ ಮತ್ತು ಚಿಪ್ಪುಜೀವಿಗಳ ಪಳೆಯುಳಿಕೆ. ಬಿಸಿಲು ತಾಗುವ ಆಳವಿಲ್ಲದ ನೀರಿನಲ್ಲಿ, ಸುಮಾರು 10 ಕೋಟಿ ವರ್ಷಗಳ ಹಿಂದೆ ಬದುಕಿದ್ದವು ಅವು. ಈಗ ಅವುಗಳ ನೆಲೆ ಇರುವುದು ಒಂದು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ. ಅಂದರೆ ಅಲ್ಲೊಂದು ದ್ವೀಪಗಳ ಸಾಲೇ ಮುಳುಗಿತ್ತು. ಮುಳುಗಿದ ಮೇಲೆ ಅದರ ಸುಣ್ಣಕಲ್ಲಿಗೆ ಈ ಕಪ್ಪು ಹತ್ತಿತು.

ಮ್ಯಾಂಗನೀಸ್ ಬರುವುದೆಲ್ಲಿಂದ? ನದಿ ತರುತ್ತದೆ, ಗಾಳಿ ತರುತ್ತದೆ, ಸಮುದ್ರದ ತಳದ ಬಿಸಿನೀರಿನ ಬುಗ್ಗೆಗಳು ಉಗುಳುತ್ತವೆ. ಆದರೂ ಒಂದು ಲೀಟರ್ ಸಾಗರದ ನೀರಿನಲ್ಲಿ ಅದು ಸಾಮಾನ್ಯವಾಗಿ ಒಂದು ಗ್ರಾಮಿನ 10 ಲಕ್ಷದ ಒಂದು ಪಾಲಿನಷ್ಟೂ ಇರುವುದಿಲ್ಲ. ಇಷ್ಟು ಕಡಿಮೆ ಇದ್ದೂ ಪದರ ಕಟ್ಟುವುದಕ್ಕೆ ಕಾರಣ ಆಮ್ಲಜನಕ. ಮೇಲಿನಿಂದ ಬೀಳುವ ಸತ್ತ ಜೀವಿಗಳು ಕೆಲವು ನೂರು ಮೀಟರ್ ಆಳದಲ್ಲಿ ಕೊಳೆಯುತ್ತವೆ. ಕೊಳೆಯುವಾಗ ಅಲ್ಲಿನ ಆಮ್ಲಜನಕ ಖರ್ಚಾಗುತ್ತದೆ. ಆಮ್ಲಜನಕ ಕಡಿಮೆಯಾದ ನೀರಿನಲ್ಲಿ ಮ್ಯಾಂಗನೀಸ್ ಕರಗಿಕೊಂಡೇ ಇರುತ್ತದೆ. ಅದರ ಕೆಳಗೆ ಹರಿಯುವುದು ಧ್ರುವದ ಕಡೆಯಿಂದ ಬಂದ ತಣ್ಣನೆಯ ನೀರು, ಆಮ್ಲಜನಕ ತುಂಬಿಕೊಂಡದ್ದು. ಇವೆರಡೂ ಬೆರೆತ ಕಡೆ ಮ್ಯಾಂಗನೀಸ್ ಕರಗಿರಲಾರದೆ ಅತಿಸಣ್ಣ ಕಣಗಳಾಗಿ ಹೊರಬರುತ್ತದೆ. ಎದುರಿಗೆ ಬರಿಬಂಡೆ ಸಿಕ್ಕರೆ ಅಂಟಿಕೊಳ್ಳುತ್ತದೆ. ಒಳ್ಳೆಯ ದಪ್ಪದ ಪದರ ಹೆಚ್ಚಾಗಿ 800ರಿಂದ 2500 ಮೀಟರ್ ಆಳದಲ್ಲಿ ಸಿಗುವುದು ಸುಮ್ನೆ ಅಲ್ಲ.

ಈ ಕಣಗಳ ಮೈಮೇಲೆ ಋಣ ವಿದ್ಯುತ್ ಇರುತ್ತದೆ. ಹಾಗಾಗಿ ನೀರಿನಲ್ಲಿ ಧನ ವಿದ್ಯುತ್ ಹೊತ್ತು ತೇಲುವ ಕೋಬಾಲ್ಟ್, ನಿಕ್ಕಲ್‌ನಂಥ ಬೆಲೆಬಾಳುವ ಲೋಹಗಳು ಬಂದು ಸಿಕ್ಕಿಕೊಳ್ಳುತ್ತವೆ. ಬೆಳವಣಿಗೆ ನಿಧಾನವಾದಷ್ಟೂ ಕೋಬಾಲ್ಟ್ ಜಾಸ್ತಿ. ಕೆಲವು ಮಾದರಿಗಳಲ್ಲಿ ಅದು ತೂಕದ ಶೇಕಡಾ 1 ದಾಟಿದೆ. ಬಿಸಿನೀರಿನ ಬುಗ್ಗೆಗಳ ಹತ್ತಿರ ಕಟ್ಟುವ ಮ್ಯಾಂಗನೀಸ್ ಬೇರೆ ಜಾತಿ. ಅದು ಬಲು ಬೇಗ ಬೆಳೆಯುತ್ತದೆ, ಕೋಬಾಲ್ಟ್ ಮಾತ್ರ ಅದರಲ್ಲಿ ತೀರಾ ಕಡಿಮೆ.

ಇನ್ನೊಂದು ವಿಷಯ ನನಗೆ ಎಷ್ಟು ಸಲ ಓದಿದರೂ ಹಳತಾಗುವುದಿಲ್ಲ. ಕಬ್ಬಿಣ-60 ಅಂತ ಒಂದು ಬಗೆಯ ಕಬ್ಬಿಣವಿದೆ. ದೊಡ್ಡ ನಕ್ಷತ್ರಗಳು ಸಿಡಿದಾಗ ಅದು ಹೊರಬೀಳುತ್ತದೆ. ಸುಮಾರು 26 ಲಕ್ಷ ವರ್ಷಕ್ಕೊಮ್ಮೆ ಅದರಲ್ಲಿ ಅರ್ಧದಷ್ಟು ತಾನಾಗಿಯೇ ಬೇರೆ ಧಾತುವಾಗಿ ಬದಲಾಗುವುದರಿಂದ, ಭೂಮಿ ಹುಟ್ಟಿದಾಗ ಇದ್ದದ್ದು ಈಗ ಉಳಿದಿಲ್ಲ. 2004ರಲ್ಲಿ ಜರ್ಮನಿಯ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ತಂಡ ಪೆಸಿಫಿಕ್ ತಳದ ಇಂಥದೇ ಒಂದು ಪದರವನ್ನು ತೆಳ್ಳಗೆ ಕೆರೆದು ನೋಡಿತು. 20ರಿಂದ 30 ಲಕ್ಷ ವರ್ಷ ಹಳೆಯ ಭಾಗದಲ್ಲಿ ಕಬ್ಬಿಣ-60 ಸಿಕ್ಕಿತು. ಎಲ್ಲೋ ಸಿಡಿದ ನಕ್ಷತ್ರದ ಬೂದಿ ಸಮುದ್ರಕ್ಕೆ ಬಿದ್ದು, ಆ ಕಪ್ಪಿನಲ್ಲಿ ಸೇರಿಕೊಂಡಿತ್ತು. ಬೇಗ ಬೆಳೆಯುವ ಕೆಸರಿನಲ್ಲಾಗಿದ್ದರೆ ಅದೇ ಬೂದಿ ಎಷ್ಟೋ ಮೀಟರ್ ಮಣ್ಣಿನಲ್ಲಿ ಹರಡಿಹೋಗುತ್ತಿತ್ತು.

ಕೋಬಾಲ್ಟ್ ಇದೆ ಅಂದ ಮೇಲೆ ಗಣಿಗಾರರ ಕಣ್ಣು ಬೀಳದೆ ಇರುತ್ತದೆಯೇ? ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರ 2012ರಲ್ಲಿ ಇದರ ಶೋಧಕ್ಕೆ ನಿಯಮ ಮಾಡಿತು. 2020ರಲ್ಲಿ ಜಪಾನ್ ಒಂದು ಸಮುದ್ರಬೆಟ್ಟದ ಮೇಲೆ ಯಂತ್ರ ಇಳಿಸಿ ಸುಮಾರು 650 ಕಿಲೋ ಕೆರೆದು ತಂದಿತು. ಕೆಲಸ ಸುಲಭದ್ದಲ್ಲ. ಬಯಲಿನ ಮೇಲೆ ಬಿದ್ದಿರುವ ಮ್ಯಾಂಗನೀಸ್ ಉಂಡೆಗಳನ್ನಾದರೆ ಆಯ್ದುಕೊಳ್ಳಬಹುದು. ಈ ಪದರ ಬಂಡೆಗೆ ಕಚ್ಚಿಕೊಂಡಿರುತ್ತದೆ. ಸುಣ್ಣಕಲ್ಲು, ಕೆಸರುಕಲ್ಲುಗಳಲ್ಲಿ ಬಿರುಕಿನೊಳಕ್ಕೂ ಇಳಿದು, ಜರೀಗಿಡದ ಚಿತ್ರದ ಹಾಗೆ ಕವಲೊಡೆದಿರುತ್ತದೆ. ತೆಳ್ಳಗೆ ಕೆರೆದರೆ ಅದಿರು ಅಲ್ಲೇ ಉಳಿಯುತ್ತದೆ. ಆಳವಾಗಿ ಕೆರೆದರೆ ಕೆಲಸಕ್ಕೆ ಬಾರದ ಕಲ್ಲೇ ಹೆಚ್ಚು ಬರುತ್ತದೆ.

ಜೊತೆಗೆ ಆ ಬಂಡೆಗಳ ಮೇಲೆ ಹವಳ, ಸ್ಪಂಜುಗಳು ಬೇರೂರಿ ಬದುಕುತ್ತವೆ. ಹರಿಯುವ ನೀರು ತಂದುಕೊಟ್ಟದ್ದೇ ಅವುಗಳ ಊಟ. ಯಂತ್ರದ ಹಲ್ಲು ಸುಣ್ಣಕಲ್ಲನ್ನು ಕಡಿದಾಗ ಪುಡಿ ಏಳುತ್ತದೆ. ಪ್ರವಾಹ ಅದನ್ನು ಹೊತ್ತು ಪಕ್ಕದ ಇಳಿಜಾರಿಗೆ ತಲುಪಿಸುತ್ತದೆ. ಅಷ್ಟು ಕಾಲ ಆ ಬಂಡೆಯನ್ನು ಗುಡಿಸುತ್ತಾ ಬಂದದ್ದೂ ಇದೇ ನೀರು.

ನಮಸ್ಕಾರ.