ಜಠರವನ್ನು ಕಾಯುವ ಲೋಳೆ ಮತ್ತು ನೋವಿನ ಮಾತ್ರೆ

ಕೇಳುಗರಿಗೆ ನಮಸ್ಕಾರ. ಮೊಣಕಾಲು ನೋವಿಗೋ ಸೊಂಟ ನೋವಿಗೋ ಮೆಡಿಕಲ್ ಅಂಗಡಿಯಿಂದ ತಾವಾಗಿಯೇ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುತ್ತಿರುವ ಹಿರಿಯರು ಈ ಹೊತ್ತು ರೇಡಿಯೋ ಕೇಳುತ್ತಿದ್ದರೆ, ನಾನು ಮುಖ್ಯವಾಗಿ ಮಾತನಾಡಬೇಕೆಂದಿರುವುದು ಅವರೊಡನೆ. ಹೊಟ್ಟೆ ಉರಿದೊಡನೆ ನಾವೆಲ್ಲ ಆಮ್ಲವನ್ನು ದೂರುತ್ತೇವೆ. ಆಮ್ಲವು ತನ್ನ ಕೆಲಸವನ್ನು ತಾನು ಮಾಡುತ್ತಿರುತ್ತದೆ. ಅದನ್ನು ತಡೆದು ನಿಲ್ಲಿಸುವ ಒಳಪದರ ಹೇಗಿದೆ ಎಂದು ಮೊದಲು ವಿಚಾರಿಸಬೇಕು.

ಜಠರವು ದಿನಕ್ಕೆ ಸುಮಾರು 2 ಲೀಟರ್ ರಸವನ್ನು ಸ್ರವಿಸುತ್ತದೆ. ಅದರಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿದೆ, ಮಾಂಸವನ್ನು ತುಂಡರಿಸುವ ಪೆಪ್ಸಿನ್ ಎಂಬ ಕಿಣ್ವವೂ ಇದೆ. ತಿಂದ ಮಾಂಸ ಅಲ್ಲಿ ಕರಗುವುದಾದರೆ, ಮಾಂಸದಿಂದಲೇ ಆದ ಜಠರ ಏಕೆ ಕರಗುವುದಿಲ್ಲ?

ಈ ಪ್ರಶ್ನೆಯ ಚರಿತ್ರೆ ನನಗೆ ಬಹಳ ಪ್ರಿಯವಾದದ್ದು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್, ಆರೋಗ್ಯವಾಗಿದ್ದು ಹಠಾತ್ತಾಗಿ ಸತ್ತವರ ದೇಹಗಳನ್ನು ಬಿಡಿಸಿ ನೋಡುವಾಗ, ಕೆಲವರ ಜಠರದಲ್ಲಿ ದೊಡ್ಡ ತೂತು ಬಿದ್ದು ಅದರ ಅಂಚೆಲ್ಲ ಮೆತ್ತಗೆ ಕರಗಿಹೋಗಿರುವುದನ್ನು ಕಂಡನು. ಬದುಕಿದ್ದಾಗ ಹೊಟ್ಟೆನೋವು ಎಂದು ಹೇಳದಿದ್ದ ಮನುಷ್ಯರು ಅವರು. ಸತ್ತ ಮೇಲೆ ಜಠರವು ತನ್ನ ರಸದಿಂದ ತಾನೇ ಜೀರ್ಣವಾಗಿದೆ ಎಂದು ಅವನು 1772ರಲ್ಲಿ ಬರೆದನು. ಜೀವವಿರುವ ಯಾವ ವಸ್ತುವೂ ಜೀರ್ಣವಾಗದು, ಜೀವಶಕ್ತಿಯೇ ಜಠರಕ್ಕೆ ರಕ್ಷೆ ಎಂಬುದು ಅವನ ತೀರ್ಮಾನ. ಮುಂದಿನ ಶತಮಾನದಲ್ಲಿ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಇದನ್ನು ಪರೀಕ್ಷೆಗೆ ಒಡ್ಡಿದನು. ನಾಯಿಯೊಂದರ ಜಠರಕ್ಕೆ ಹೊರಗಿನಿಂದ ಕಿಂಡಿ ಮಾಡಿ, ಅದರೊಳಗೆ ಜೀವಂತ ಕಪ್ಪೆಯ ಹಿಂಗಾಲುಗಳನ್ನು ಇಳಿಬಿಟ್ಟನು. ಕಪ್ಪೆ ಬದುಕಿರುವಾಗಲೇ ಅದರ ಕಾಲುಗಳು ಕರಗತೊಡಗಿದವು! ಇಂದು ಕೇಳಿದರೆ ಮನಸ್ಸಿಗೆ ಸಂಕಟವಾಗುವ ಪ್ರಯೋಗ, ಆದರೆ ಅದರ ಉತ್ತರ ಸ್ಪಷ್ಟವಾಗಿತ್ತು: ಜೀವವಿದ್ದ ಮಾತ್ರಕ್ಕೆ ರಕ್ಷಣೆಯಿಲ್ಲ. ಲಂಡನ್ನಿನ ಪೇವಿ ಎಂಬ ವೈದ್ಯನು ಜೀವಂತ ಮೊಲದ ಕಿವಿಯಿಂದ ಇದನ್ನೇ ತೋರಿಸಿ, ಜಠರದ ಗೋಡೆಯಲ್ಲಿ ಹರಿಯುವ ಕ್ಷಾರಗುಣದ ರಕ್ತವೇ ಆಮ್ಲವನ್ನು ತಣಿಸುತ್ತಿರಬೇಕು ಎಂದು 1863ರಲ್ಲಿ ವಾದಿಸಿದನು. ಅವನ ಮಾತಿನಲ್ಲಿ ಅರ್ಧ ಸತ್ಯವಿತ್ತು.

ಉಳಿದ ಅರ್ಧ ಲೋಳೆಯಲ್ಲಿದೆ. ಹಿತ್ತಾಳೆ ಪಾತ್ರೆಯಲ್ಲಿ ಹುಣಸೆಹುಳಿಯ ಸಾರು ಮಾಡಬೇಕಾದರೆ ಒಳಗೆ ಕಲಾಯಿ ಇರಲೇಬೇಕೆಂದು ನಮ್ಮ ತಾಯಂದಿರಿಗೆ ಗೊತ್ತು. ಜಠರದ ಒಳಮೈಗೆ ಒಂದು ಮಿಲಿಮೀಟರಿಗಿಂತಲೂ ತೆಳುವಾದ ಲೋಳೆಯ ಪದರವೇ ಆ ಕಲಾಯಿ. ಒಳಮೈಯ ಜೀವಕೋಶಗಳು ಈ ಲೋಳೆಯೊಳಗೆ ಬೈಕಾರ್ಬೊನೇಟ್ ಎಂಬ ಕ್ಷಾರವನ್ನು ಸತತವಾಗಿ ಸೇರಿಸುತ್ತಿರುವುದರಿಂದ, ಲೋಳೆಯ ಆಚೆ ಬದಿಯಲ್ಲಿ, ಅಂಕಿ ಇಳಿದಷ್ಟೂ ಆಮ್ಲ ತೀಕ್ಷ್ಣವೆಂದು ತೋರಿಸುವ ಪಿಎಚ್ ಎಂಬ ಅಳತೆಯಲ್ಲಿ 2ರಷ್ಟು ತೀಕ್ಷ್ಣವಾದ ಆಮ್ಲವಿದ್ದರೂ ಗೋಡೆಗೆ ತಾಗಿದ ಬದಿಯಲ್ಲಿ ಅದು ಹೆಚ್ಚುಕಡಿಮೆ 7, ಅಂದರೆ ನೀರಿನಷ್ಟೇ ಸೌಮ್ಯ. ಅಲ್ಲಿ ಪೆಪ್ಸಿನ್ ಕೂಡ ಕೈಕಟ್ಟಿ ಕೂರುತ್ತದೆ. ಇಷ್ಟಾದರೂ ಸವೆದ ಜೀವಕೋಶಗಳು ಉದುರಿ, ಕೆಲವೇ ದಿನಗಳಲ್ಲಿ ಹೊಸ ಪದರವೇ ಬಂದಿರುತ್ತದೆ.

ಲೋಳೆ ಸುರಿಯಲಿ, ಕ್ಷಾರ ಸೇರಲಿ, ಗೋಡೆಗೆ ರಕ್ತ ಹರಿಯಲಿ ಎಂದು ಆಜ್ಞೆ ಕೊಡುವುದು ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕ. ದಯವಿಟ್ಟು ಇಲ್ಲಿ ಗಮನವಿಟ್ಟು ಕೇಳಬೇಕು. ಕೀಲಿನಲ್ಲಿ ನೋವು, ಊತ ತರುವುದರಲ್ಲಿಯೂ ಇದೇ ಪ್ರೋಸ್ಟಗ್ಲಾಂಡಿನ್ ಬಳಗದ ಕೈವಾಡವಿದೆ. ಆಸ್ಪಿರಿನ್ ಇದರ ತಯಾರಿಕೆಯನ್ನೇ ನಿಲ್ಲಿಸುತ್ತದೆ ಎಂದು ಇಂಗ್ಲೆಂಡಿನ ಜಾನ್ ವೇನ್ 1971ರಲ್ಲಿ ತೋರಿಸಿದರು. ಡೈಕ್ಲೋಫೆನಾಕ್, ಐಬುಪ್ರೊಫೇನ್ ಎಂಬ ನೋವಿನ ಮಾತ್ರೆಗಳು ಮಾಡುವುದೂ ಅದನ್ನೇ. ಮೊಣಕಾಲಿನಲ್ಲಿ ನಿಲ್ಲಿಸಿದ್ದನ್ನು ಆ ಮಾತ್ರೆ ಜಠರದಲ್ಲಿಯೂ ನಿಲ್ಲಿಸುತ್ತದೆ. ಒಳಪದರ ತೆಳುವಾಗುತ್ತದೆ, ಆಮ್ಲ ಗೋಡೆಗೆ ತಾಗುತ್ತದೆ, ಹುಣ್ಣಾಗುತ್ತದೆ.

"ಊಟವಾದ ಮೇಲೆಯೇ ನುಂಗುತ್ತೇನೆ ಡಾಕ್ಟ್ರೇ" ಎನ್ನುತ್ತಾರೆ ರೋಗಿಗಳು. "ಮಾತ್ರೆ ಬೇಡ, ಇಂಜೆಕ್ಷನ್ ಕೊಟ್ಟುಬಿಡಿ, ಹೊಟ್ಟೆಗೆ ತೊಂದರೆಯಿರುವುದಿಲ್ಲ" ಎಂದೂ ಹೇಳುತ್ತಾರೆ. ಎಷ್ಟು ಸಲ ವಿವರಿಸಿದರೂ ಈ ನಂಬಿಕೆ ಅಲುಗುವುದಿಲ್ಲವೆಂಬುದು ನನಗೆ ನಿಜವಾಗಿಯೂ ಬೇಸರದ ಸಂಗತಿ. ಔಷಧ ರಕ್ತದ ಮೂಲಕವೂ ಜಠರದ ಗೋಡೆಯನ್ನು ತಲುಪುವುದರಿಂದ, ಊಟದ ನಂತರ ನುಂಗಿದರೂ ತೋಳಿಗೆ ಚುಚ್ಚಿಸಿಕೊಂಡರೂ ಒಳಪದರಕ್ಕೆ ಆಗುವ ಹಾನಿ ತಪ್ಪುವುದಿಲ್ಲ.

ಸಮಯ ಕಡಿಮೆಯಿರುವುದರಿಂದ ಹುಣ್ಣಿನ ಇನ್ನೊಂದು ಕಾರಣವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಈ ಲೋಳೆಯಲ್ಲಿಯೇ ಮನೆಮಾಡಿಕೊಂಡು ಹುಣ್ಣು ತರುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವನ್ನು ಕಂಡುಹಿಡಿದ ಆಸ್ಟ್ರೇಲಿಯಾದ ವಾರನ್ ಮತ್ತು ಮಾರ್ಷಲ್ ಅವರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಅದು ಇರುವುದು ಪರೀಕ್ಷೆಯಿಂದ ಗೊತ್ತಾದರೆ ಆ್ಯಂಟಿಬಯೋಟಿಕ್‌ಗಳ ಕೋರ್ಸನ್ನು ನಡುವೆ ಬಿಡದೆ ಮುಗಿಸಬೇಕು.

ಅರವತ್ತು ದಾಟಿದವರು, ಹಿಂದೆ ಹುಣ್ಣಾಗಿದ್ದವರು, ರಕ್ತ ತೆಳುವಾಗಿಸುವ ಔಷಧ ಸೇವಿಸುತ್ತಿರುವವರು ವೈದ್ಯರನ್ನು ಕೇಳದೆ ನೋವಿನ ಮಾತ್ರೆಯನ್ನು ಮುಟ್ಟಬಾರದು. ಹೃದಯಕ್ಕೆಂದು ವೈದ್ಯರು ಬರೆದುಕೊಟ್ಟ ಆಸ್ಪಿರಿನ್ನನ್ನು ನನ್ನ ಮಾತು ಕೇಳಿ ನೀವಾಗಿಯೇ ನಿಲ್ಲಿಸಲೂಬಾರದು. ಇಂಥ ಹುಣ್ಣು ಕೆಲವೊಮ್ಮೆ ನೋವನ್ನೇ ಕೊಡದೆ ಒಳಗೊಳಗೇ ರಕ್ತ ಸುರಿಸುತ್ತದೆ. ಮಲವು ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆಯಿಂದ ಹೋದರೆ, ಅಥವಾ ವಾಂತಿಯಲ್ಲಿ ರಕ್ತ ಕಂಡರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ, ನುಂಗುತ್ತಿದ್ದ ಮಾತ್ರೆಗಳ ಪಟ್ಟಿಯನ್ನು ಜೊತೆಗೇ ಒಯ್ಯಿರಿ. ನಮಸ್ಕಾರ.